ಎಡಗೈ ಇಳಿದ ಸಂಜೆ

ಏಳು ಗಂಟೆ ಇಪ್ಪತ್ತೆರಡು ನಿಮಿಷ. ಆ ಸಭಾಂಗಣದ ಹಿಂದಿನ ಗೋಡೆಯ ಮೇಲೆ, ಪ್ರೇಕ್ಷಕರ ತಲೆಗಳಾಚೆ, ದೊಡ್ಡ ಗಡಿಯಾರವೊಂದಿದೆ. ಅದು ಕಾಣುವುದು ವೇದಿಕೆಯ ಮೇಲೆ ಕೂತ ನಮಗೆ ಮಾತ್ರ. ಅದರಲ್ಲಿ ಏಳು ಇಪ್ಪತ್ತೆರಡಾಗಿದ್ದಾಗ ಎದುರು ನಿಂತು ಕಡ್ಡಿ ಆಡಿಸುತ್ತ ನಮ್ಮನ್ನು ನುಡಿಸುತ್ತಿದ್ದ ಮಾಸ್ಟರ್ ಅವರ ಎಡಗೈ ಇಳಿಯಲು ಶುರುವಾಯಿತು.

ಎದೆಯ ಮಟ್ಟದಲ್ಲಿದ್ದ ಅಂಗೈ ನಿಧಾನವಾಗಿ ಹೊಟ್ಟೆಯ ಮಟ್ಟಕ್ಕೆ ಬಂತು, ಅಲ್ಲಿಂದ ಸೊಂಟದ ಹತ್ತಿರಕ್ಕೆ. ನಮ್ಮ ವಾದ್ಯವೃಂದದಲ್ಲಿ ಆ ಸನ್ನೆಗೆ ಒಂದೇ ಅರ್ಥ: ಮೆಲ್ಲಗೆ. ನಾವೆಲ್ಲ ಕಮಾನಿನ ಭಾರ ಕಡಿಮೆ ಮಾಡಿದೆವು. ಕೈ ಇನ್ನೂ ಇಳಿಯಿತು. ನಾವು ಇನ್ನೂ ಮೆಲ್ಲಗೆ ನುಡಿಸಿದೆವು. ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿದರು. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯ ಹೆಂಗಸೊಬ್ಬರು ಕಣ್ಣು ಮುಚ್ಚಿಕೊಂಡರು. ಇಷ್ಟು ನವಿರಾಗಿ ನೀವು ಯಾವತ್ತೂ ನುಡಿಸಿರಲಿಲ್ಲ ಅಂತ ಆಮೇಲೆ ಎಷ್ಟೋ ಜನ ಹೇಳಿದರು. ಆದರೆ ಆ ಹೊತ್ತಿಗೆ ಮಾಸ್ಟರ್ ಅವರ ಮಿದುಳಿನ ಒಂದು ರಕ್ತನಾಳ ಕಟ್ಟಿಕೊಂಡಿತ್ತು. ಸತ್ತುಹೋಗುತ್ತಿದ್ದ ಕೈಯೊಂದನ್ನು ನಾವು ಅಷ್ಟು ವಿಧೇಯರಾಗಿ ಹಿಂಬಾಲಿಸಿದ್ದೆವು.

ಮಾಸ್ಟರ್ ಈಗ ವಾದ್ಯವೃಂದ ಬಿಟ್ಟಿದ್ದಾರೆ. ಅವರ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಮೊದಲು ಕಾಣುವುದು ಆ ಕೈ. ಅದನ್ನು ದಾಟಿ ಮನುಷ್ಯನನ್ನು ನೋಡುವುದಕ್ಕೆ ಇಷ್ಟು ದಿನ ಬೇಕಾಯಿತು. ಹೆಸರು ಹಾಕಬಾರದು ಅನ್ನುವುದು ಅವರದೇ ಷರತ್ತು. "ಸಿನಿಮಾಗೆ ಅಷ್ಟು ವರ್ಷ ಚೆಲ್ಲೋ ನುಡಿಸಿದೆ. ಪರದೆ ಮೇಲೆ ಒಂದು ಸಲಾನೂ ಹೆಸರು ಬರಲಿಲ್ಲ. ಈಗ ಯಾಕಮ್ಮಾ ಅಭ್ಯಾಸ ಕೆಡಿಸ್ತೀಯ?" ಅಂದರು.

ಅವರು ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಕಾಲೊನಿಯಲ್ಲಿ. ಮನೆಮಾತು ತಮಿಳು, ಬೀದಿಯ ಮಾತು ಕನ್ನಡ, ಇಗರ್ಜಿಯಲ್ಲಿ ಇಂಗ್ಲಿಷು. ಗಣಿ ಕಂಪನಿಯ ದೊರೆಗಳು ಊರು ಬಿಡುವಾಗ ಕ್ಲಬ್ಬಿನಲ್ಲಿ ದೊಡ್ಡ ಪಿಟೀಲಿನಂಥ ಒಂದು ಚೆಲ್ಲೋ ಬಿಟ್ಟುಹೋಗಿದ್ದರಂತೆ. ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದ ಮುದುಕರೊಬ್ಬರು ಅದನ್ನು ಈ ಹುಡುಗನ ಕೈಗಿತ್ತು ಕಲಿಸಿದರು. ಮದ್ರಾಸಿಗೆ ಬಂದು ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಜೀವನ ಕಳೆದರು. ನಾಯಕಿ ಅಳುವಾಗ ಹಿಂದೆ ಕೇಳುತ್ತದಲ್ಲ, ಆ ತಗ್ಗಿದ ದನಿ, ಅದೇ ಇವರ ಹೊಟ್ಟೆಪಾಡು. "ಈ ಊರಲ್ಲಿ ಎಷ್ಟು ಹೀರೋಯಿನ್‌ಗಳ ಕಣ್ಣೀರು ಒರೆಸಿದೀನಿ ಗೊತ್ತಾ? ನನ್ನ ಹೆಂಡತಿ ಅತ್ತರೆ ಮಾತ್ರ ಏನು ಮಾಡಬೇಕೋ ತಿಳಿಯಲ್ಲ" ಎನ್ನುತ್ತಿದ್ದರು. ಸ್ಟುಡಿಯೋಗಳಿಗೆ ಕಂಪ್ಯೂಟರ್ ಬಂದು ಕೆಲಸ ಕರಗಿದಾಗ, ಭಾನುವಾರ ಮಧ್ಯಾಹ್ನಗಳಲ್ಲಿ ಒಂದು ಶಾಲೆಯ ಹಾಲಿನಲ್ಲಿ ನಮ್ಮಂಥವರನ್ನು ಸೇರಿಸಿ ತಂತಿವಾದ್ಯಗಳ ವೃಂದ ಕಟ್ಟಿದರು. ನಾವೆಲ್ಲ ಹವ್ಯಾಸಿಗಳು: ಬ್ಯಾಂಕಿನವರು, ಹಲ್ಲಿನ ಡಾಕ್ಟರು, ಗೃಹಿಣಿಯರು.

ಅವರ ಅಪ್ಪ ಗಣಿಯಲ್ಲಿ ಪಂಜರ ಇಳಿಸುವ ಯಂತ್ರ ನಡೆಸುತ್ತಿದ್ದರು. ಕಾರ್ಮಿಕರನ್ನು ತುಂಬಿಕೊಂಡ ಕಬ್ಬಿಣದ ಪಂಜರ ಭೂಮಿಯೊಳಕ್ಕೆ ಇಳಿಯುತ್ತಿತ್ತು, ಮೇಲೇರುತ್ತಿತ್ತು. ಯಂತ್ರದ ಮುಂದೆ ಕೂತವರಿಗೆ ಪಂಜರ ಕಾಣದು. ಗಂಟೆ ಮಾತ್ರ ಕೇಳುತ್ತದೆ. ಇಷ್ಟು ಸಲ ಬಾರಿಸಿದರೆ ಇಳಿಸು, ಇಷ್ಟಾದರೆ ಏರಿಸು, ಒಂದೇ ಸಲವಾದರೆ ನಿಲ್ಲಿಸು. "ನಮ್ಮಪ್ಪ ಗಂಟೆ ಮೇಲೆ ಯಾವತ್ತೂ ಅನುಮಾನ ಪಡಲಿಲ್ಲ. ಯಾಕೆ ಬಾರಿಸಿದ್ರು ಅಂತ ಯೋಚನೆ ಮಾಡ್ಕೊಂಡು ಕೂತರೆ ಕೆಳಗೆ ಜನ ಸಾಯ್ತಾರೆ. ಕೈ ಹೇಳಿದ್ದು ಮೊದಲು ಮಾಡ್ರೀ. ಯಾಕೆ ಅಂತ ಟೀ ಕುಡಿಯುವಾಗ ಕೇಳಿ" ಎಂದು ಮಾಸ್ಟರ್ ನಮಗೆ ಹೇಳುತ್ತಿದ್ದರು.

ಇದು ಬರೀ ಮಾತಾಗಿರಲಿಲ್ಲ. ಒಮ್ಮೆ ಅಭ್ಯಾಸದ ನಡುವೆ ಅವರಿಗೆ ಸೀನು ಬಂತು. ಸೀನಿನ ರಭಸಕ್ಕೆ ಎಡಗೈ ಮೇಲಕ್ಕೆ ಹಾರಿತು. ನಾವೆಲ್ಲ ಒಮ್ಮೆಲೇ ಜೋರಾಗಿ ನುಡಿಸಿದೆವು. ಅವರು ಕರ್ಚೀಫಿನಿಂದ ಮೂಗು ಒರೆಸಿಕೊಂಡು, ನಗದೆ, "ಕರೆಕ್ಟು. ಹಿಂಗೇ ಇರಬೇಕು" ಅಂದರು. ಆವತ್ತು ನಾವು ಬಿದ್ದು ಬಿದ್ದು ನಕ್ಕಿದ್ದೆವು.

ಯಾರನ್ನೂ ಅವರು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಊರಿನ ಹೆಸರು. ಮೊದಲ ವಯೊಲಿನ್ ನುಡಿಸುವ, ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡಿ ನಿವೃತ್ತರಾದ ಸೌಮ್ಯ ಮನುಷ್ಯ 'ಪಲ್ಲಾವರಂ'. ನಾನು ಇರುವುದು ಕ್ರೋಂಪೇಟೆಯಲ್ಲಾದರೂ ನನಗೆ ಸಿಕ್ಕ ಹೆಸರು ಹುಟ್ಟೂರಿನದು, 'ತಿಪಟೂರು'. ನಾನು ಕ್ರೋಂಪೇಟೆಯ ಒಂದು ಚರ್ಮ ಪರೀಕ್ಷೆಯ ಲ್ಯಾಬಿನಲ್ಲಿ ಕೆಮಿಸ್ಟು. ನಮ್ಮಮ್ಮ ಊರಿನಲ್ಲಿ ಯಾರಾದರೂ ಕೇಳಿದರೆ "ಲ್ಯಾಬು" ಅಂತಷ್ಟೇ ಹೇಳುತ್ತಾಳೆ, ಯಾವುದರ ಲ್ಯಾಬು ಅಂತ ಹೇಳುವುದಿಲ್ಲ. ಮೂವತ್ತರ ಹತ್ತಿರದಲ್ಲಿ ಚೆಲ್ಲೋ ಕಲಿಯುತ್ತೇನೆಂದು ನಾನು ಹೋದ ದಿನ ಮಾಸ್ಟರ್ ನನ್ನ ಬೆರಳು ಹಿಡಿದು ನೋಡಿ ಮೂಗರಳಿಸಿದರು.

"ಏನಮ್ಮಾ ಇದು, ವಾಸನೆ?"

"ಚರ್ಮದ ಲ್ಯಾಬಲ್ಲಿ ಕೆಲಸ ಸರ್."

"ಮನೆ ಕಡೆ ಯಾರು ನೀವು?"

"ಲಿಂಗಾಯಿತರು."

"ಅಯ್ಯೋ ಕಡವುಳೇ! ಚೆಲ್ಲೋ ತಂತೀನ ಮುಂಚೆ ಕುರಿ ಕರುಳಲ್ಲಿ ಮಾಡ್ತಿದ್ರು, ಗೊತ್ತಾ? ಅಮ್ಮನಿಗೆ ಹೇಳಬೇಡ. ನೀನು ಸ್ಟೀಲು ಹಾಕ್ಕೋ, ಸ್ಟೀಲು."

ಅವರ ಹತ್ತಿರ ನಾನು ಕನ್ನಡ ಮಾತಾಡಬಹುದಿತ್ತು ಅನ್ನುವುದೇ ಈ ಊರಿನಲ್ಲಿ ನನಗೊಂದು ಭಾಗ್ಯ. ಅವರ ಕನ್ನಡದಲ್ಲಿ ಅರ್ಧ ತಮಿಳು ಇರುತ್ತಿತ್ತು. ಬೈಯುವುದು ಮಾತ್ರ ಅಚ್ಚ ಕನ್ನಡದಲ್ಲಿ.

ಆ ಸಂಜೆಗೆ ಬರುತ್ತೇನೆ.

ಕಾರ್ಯಕ್ರಮದ ಎರಡನೆಯ ಭಾಗದಲ್ಲಿ ಒಂದು ನಿಧಾನಗತಿಯ ಕೃತಿಯಿತ್ತು. ಅದರಲ್ಲಿ ಚೆಲ್ಲೋಗಳಿಗೆ ಒಂದು ಕಷ್ಟದ ಜಾಗ. ಹೆಬ್ಬೆರಳನ್ನು ತಂತಿಯ ಮೇಲಿಟ್ಟು, ಕೈಯನ್ನು ಸರ್ರನೆ ಜಾರಿಸಿ, ಎತ್ತರದ ಸ್ವರವೊಂದರ ಮೇಲೆ ನಿಲ್ಲಿಸಬೇಕು. ಗುರುತಿಗೆ ಅಲ್ಲಿ ಗೆರೆಯಿಲ್ಲ, ಮನೆಯಿಲ್ಲ. ನಾನು ಪ್ರತಿ ಅಭ್ಯಾಸದಲ್ಲೂ ಅಲ್ಲಿ ತಪ್ಪುತ್ತಿದ್ದೆ. ವಿರಾಮದ ಕೊನೆಗೆ, ವೇದಿಕೆಯ ಪಕ್ಕದ ಕೋಣೆಯಲ್ಲಿ ನಾನು ಅದನ್ನೇ ತಡಕಾಡುತ್ತಿದ್ದಾಗ ಮಾಸ್ಟರ್ ಬಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡರು.

"ಕೊಡಿಲ್ಲಿ."

ನನ್ನ ಚೆಲ್ಲೋವನ್ನು ಮಂಡಿಗಳ ನಡುವೆ ಇಟ್ಟುಕೊಂಡು ಆ ಜಾಗವನ್ನು ಒಂದೇ ಒಂದು ಸಲ ನುಡಿಸಿದರು. "ನೀನು ಹುಡುಕ್ತಾ ಹೋಗ್ತೀಯ. ಹುಡುಕಬೇಡ. ಹೋಗು, ಕೂತ್ಕೋ. ನಿನ್ನ ಮನೆ ಅದು" ಅಂದು ವಾದ್ಯ ವಾಪಸು ಕೊಟ್ಟರು. ಅವರ ಎಡಗೈ ಹೆಬ್ಬೆರಳು, ನಾಲ್ಕು ಬೆರಳು, ಎಲ್ಲವೂ ಇರಬೇಕಾದಲ್ಲಿ ಇದ್ದವು. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದರೆ, ಸ್ವಲ್ಪ ಹೊತ್ತಿಗೆಲ್ಲ ಈ ಒಂದು ನೆನಪಿನ ಮೇಲೆ ಒಂದು ಪ್ರಾಣ ನಿಂತಿತು.

ವೇದಿಕೆಯ ಮೇಲೆ ಕೈ ಇಳಿದದ್ದನ್ನು ಹೇಳಿದೆ. ನನಗೆ ಅನುಮಾನ ಬಂದದ್ದು ಕೈಯಿಂದಲ್ಲ, ಬಾಯಿಂದ. ತಲೆಯೆತ್ತಿ ನೋಡಿದಾಗ ಮಾಸ್ಟರ್ ನಗುತ್ತಿದ್ದರು, ಒಂದೇ ಪಕ್ಕದಲ್ಲಿ. ವೇದಿಕೆಯ ಮೇಲೆ ಅವರು ನಕ್ಕಿದ್ದನ್ನು ನಾನು ಕಂಡೇ ಇರಲಿಲ್ಲ. ಎದುರಿನ ಪುಸ್ತಕದ ಪುಟವನ್ನು ಎಡಗೈಯಿಂದ ಮಗುಚುವ ಜಾಗ ಬಂತು, ಹೋಯಿತು. ಪುಟ ಮಗುಚಲಿಲ್ಲ. ಬಲಗೈಯ ಕಡ್ಡಿ ಮಾತ್ರ ಲಯ ಬಿಡದೆ ಆಡುತ್ತಿತ್ತು. ನಾನು ನುಡಿಸುತ್ತಲೇ ಇದ್ದೆ. ಕೈ ಹೇಳಿದ್ದು ಮೊದಲು ಮಾಡು.

ಆ ಭಾಗ ಮುಗಿದು ನಿಶ್ಶಬ್ದವಾದಾಗ ಅವರು ನನ್ನ ಕಡೆ ಬಾಗಿದರು. ಪಿಸುದನಿ, ನಾಲಿಗೆ ದಪ್ಪವಾಗಿತ್ತು.

"ಯಾಕ್ ತಿಪಟೂರು... ನಾನು ಏಳ್ಸಿ ಏಳ್ಸಿ ಅಂತಿದ್ರೆ... ನೀವು ಮಲಗಿಸ್ತೀರಲ್ಲ? ಎಡಗೈ ಎತ್ತಿ ಎತ್ತಿ ಸಾಕಾಯ್ತು."

ಎಡಗೈ ತೊಡೆಯ ಪಕ್ಕ ಹಗ್ಗದ ಹಾಗೆ ಜೋತುಬಿದ್ದಿತ್ತು. ಅದು ಅವರಿಗೆ ಗೊತ್ತಿರಲಿಲ್ಲ. ತಮ್ಮ ಕೈ ಮೇಲಿದೆ, ನಾವೇ ಕೇಳುತ್ತಿಲ್ಲ ಎಂದು ಅವರು ನಂಬಿದ್ದರು. ಈಗಲೂ ನನ್ನನ್ನು ಬೆಚ್ಚಿಬೀಳಿಸುವುದು ಇದೊಂದೇ.

ನಾನು ಎದ್ದು ನಿಂತೆ. ಕೃತಿ ಮುಗಿಯದೆ ಯಾರೂ ಏಳಬಾರದು ಅನ್ನುವುದು ಅವರ ಕಟ್ಟಪ್ಪಣೆ. "ಕೂತ್ಕೋ" ಅಂದರು. ನಾನು ಕೂರಲಿಲ್ಲ. ಚೆಲ್ಲೋವನ್ನು ನೆಲದ ಮೇಲೆ ಮಲಗಿಸಿ ಅವರ ಬಲತೋಳು ಹಿಡಿದೆ. ಇನ್ನೊಂದು ಕಡೆಯಿಂದ ಪಲ್ಲಾವರಂ ಬಂದು ಸೊಂಟ ಹಿಡಿದರು. ಸಭಿಕರು ಏನೂ ತಿಳಿಯದೆ ಚಪ್ಪಾಳೆ ತಟ್ಟಿದರು. ಮಾಸ್ಟರ್ ಆ ಚಪ್ಪಾಳೆಗೆ ತಲೆಬಾಗಿದರು.

ಆಂಬುಲೆನ್ಸಿಗೆ ಕಾಯದೆ ಪಲ್ಲಾವರಂ ಅವರ ಕಾರಿನಲ್ಲೇ ಹೊರಟೆವು. ಮಾಸ್ಟರ್ ಅವರ ಹೆಂಡತಿ, ನಾವೆಲ್ಲ ಆಂಟಿ ಎನ್ನುವವರು, ಮುಂದೆ ಕೂತಿದ್ದರು. ರಾಯಪುರಂ ಹೆಂಗಸು, ಗಟ್ಟಿ ದನಿ. ಆವತ್ತು ಗಂಡನ ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಮುಂದೊಂದು ಸಿಟಿ ಬಸ್ಸು, ಪಕ್ಕ ಒಂದು ನೀರಿನ ಲಾರಿ. ಪಲ್ಲಾವರಂ ಹಾರನ್ ಒತ್ತಿ ಹಿಡಿದುಬಿಟ್ಟರು. ಜನ್ಮದಲ್ಲಿ ಯಾರಿಗೂ ಹಾರನ್ ಹೊಡೆಯದ ಮನುಷ್ಯ. ಮಾಸ್ಟರ್ ನನ್ನ ಭುಜದ ಮೇಲೆ ತಲೆಯಿಟ್ಟು, "ಪಲ್ಲಾವರಂ... ಒಂದೇ ಸ್ವರ ಎಷ್ಟೊತ್ತು ಎಳೀತೀಯ... ಕಮಾನು ತಿರುಗಿಸು" ಎಂದರು.

"ಸುಮ್ಮನಿರಿ ಮಾಸ್ಟರ್" ಎಂದು ಪಲ್ಲಾವರಂ ಅಳುತ್ತ ಹೇಳಿದರು. "ದಯವಿಟ್ಟು ಸುಮ್ಮನಿರಿ."

ಆಸ್ಪತ್ರೆಯಲ್ಲಿ ಅವರನ್ನು ಕೂಡಲೆ ಸ್ಕ್ಯಾನಿಗೆ ಒಯ್ದರು. ತಿರುಗಿ ಬಂದ ಡಾಕ್ಟರು ನನಗಿಂತ ಚಿಕ್ಕ ಹೆಣ್ಣುಮಗಳು. ಅವರು ತಮಿಳು ಇಂಗ್ಲಿಷು ಬೆರೆಸಿ ಕೇಳಿದ್ದನ್ನು ಕನ್ನಡದಲ್ಲೇ ಬರೆಯುತ್ತೇನೆ.

"ಇದು ಶುರುವಾಗಿದ್ದು ಯಾವಾಗ? ಸರಿಯಾಗಿ ಹೇಳಬೇಕು."

"ಏಳು ಇಪ್ಪತ್ತೆರಡು" ಅಂದೆ.

ಆಗ ಆಂಟಿ ಬಾಯಿ ತೆರೆದರು. "ಇಲ್ಲ ಡಾಕ್ಟರ್. ಬೆಳಿಗ್ಗೇನೆ ಕೈ ಮರಗಟ್ಟಿತು ಅಂದ್ರು. ಕಾಫಿ ಲೋಟ ಕೆಳಗೆ ಹಾಕಿದ್ರು. ಆಮೇಲೆ ಸರಿಹೋಯ್ತು ಅಂತ ಅವರೇ ಹೇಳಿದ್ರು. ಸರಿಹೋಗಿತ್ತೋ ಇಲ್ವೋ ದೇವರಿಗೇ ಗೊತ್ತು. ಈ ಸಂಗೀತ ಕಚೇರಿ ಬಿಡೋ ಜನ ಅಲ್ಲ ಅವರು, ಸುಳ್ಳೂ ಹೇಳಿರಬಹುದು."

ಡಾಕ್ಟರ ಮುಖ ಬದಲಾಯಿತು. ನಮ್ಮಿಬ್ಬರನ್ನೂ ಗೋಡೆಯ ಪಕ್ಕಕ್ಕೆ ಕರೆದು ನಿಧಾನವಾಗಿ ವಿವರಿಸಿದರು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಒಂದು ಇಂಜೆಕ್ಷನ್ ಇದೆ. ಶುರುವಾದ ಕೆಲವೇ ಗಂಟೆಗಳೊಳಗೆ ಕೊಟ್ಟರೆ ಕೈ ಉಳಿಯಬಹುದು, ಜೀವವೂ ಉಳಿಯಬಹುದು. ಹೊತ್ತು ಮೀರಿದ ಮೇಲೆ ಕೊಟ್ಟರೆ ಅದೇ ಔಷಧಿ ಮಿದುಳಿನೊಳಗೆ ರಕ್ತ ಹರಿಸಿಬಿಡಬಹುದು. ಬೆಳಗಿನ ಮರಗಟ್ಟುವಿಕೆ ಪೂರ್ತಿ ಹೋಗಿದ್ದರೆ ಲೆಕ್ಕ ಸಂಜೆಯಿಂದ. ಸ್ವಲ್ಪ ಉಳಿದುಕೊಂಡಿದ್ದರೂ ಲೆಕ್ಕ ಬೆಳಗಿನಿಂದ. ಆಗ ಕೊಡುವ ಹಾಗಿಲ್ಲ.

"ಏಳು ಇಪ್ಪತ್ತೆರಡಕ್ಕೆ ಮುಂಚೆ ಅವರ ಎಡಗೈ ಪೂರ್ತಿ ಸರಿಯಾಗಿತ್ತು ಅಂತ ಯಾರಾದರೂ ಕಣ್ಣಾರೆ ನೋಡಿದ್ದೀರಾ?"

"ನೋಡಿದೀನಿ. ವಿರಾಮದಲ್ಲಿ ನನ್ನ ಚೆಲ್ಲೋ ತಗೊಂಡು ನುಡಿಸಿದ್ರು."

"ನುಡಿಸಿದರು ಅಂದರೆ? ಹಿಡಿದುಕೊಂಡರಾ, ಬೆರಳು ಆಡಿಸಿದರಾ?"

"ಎಡಗೈಯೇ ಸ್ವರ ಮಾಡೋದು ಡಾಕ್ಟರ್. ಬೆರಳು ಒಂದು ಕೂದಲೆಳೆ ಆಚೆ ಈಚೆ ಆದರೂ ಶ್ರುತಿ ತಪ್ಪುತ್ತೆ. ಅದು ಇರೋದರಲ್ಲೇ ಕಷ್ಟದ ಜಾಗ. ಅವರು ತಡವರಿಸಲಿಲ್ಲ."

"ಶ್ರುತಿ ತಪ್ಪಲಿಲ್ಲ?"

"ಇಲ್ಲ."

"ಖಂಡಿತ?"

ವಿರಾಮದಲ್ಲಿ ಮಾಸ್ಟರ್ ನುಡಿಸಿದಾಗ ಪಲ್ಲಾವರಂ ಆ ಕೋಣೆಯಲ್ಲಿರಲಿಲ್ಲ, ಅವರು ಕೇಳಿರಲಿಲ್ಲ. ಕೇಳಿದವಳು ನಾನೊಬ್ಬಳೇ. ಆಂಟಿ ನನ್ನ ಮುಂಗೈ ಹಿಡಿದರು. ಉಗುರು ನಾಟುವಷ್ಟು ಬಿಗಿಯಾಗಿ. "ನೀ ಸೊಲ್ಲು ಮಾ, ನೀನೇ ಹೇಳು" ಅಂದರು. "ನನಗೆ ಈ ಸಂಗೀತ ತಿಳಿಯಲ್ಲ. ಇಷ್ಟು ವರ್ಷ ಕೇಳಿದೀನಿ, ಸರಿ ಯಾವುದು ತಪ್ಪು ಯಾವುದು ಅಂತ ಇವತ್ತಿಗೂ ಗೊತ್ತಾಗಲ್ಲ. ನಿನಗೆ ಗೊತ್ತು. ನೀನು ಹೇಳಿದ್ರೆ ನಾನು ಸೈನ್ ಮಾಡ್ತೀನಿ."

"ಖಂಡಿತ" ಅಂದೆ.

ಆಂಟಿ ರುಜು ಹಾಕಿದರು. ಡಾಕ್ಟರು ಒಳಗೆ ಹೋದರು. ಬಾಗಿಲು ಮುಚ್ಚಿತು.

ಮುಂದಿನ ಹೊತ್ತನ್ನು ಬರೆಯಲಾರೆ. ಆಂಟಿ ಜಪಮಣಿ ಹಿಡಿದು ಕೂತಿದ್ದರು. ನನಗೆ ಬರುತ್ತಿದ್ದ ವಚನಗಳೆಲ್ಲ ಮೊದಲ ಸಾಲಿಗೇ ಮರೆತುಹೋಗುತ್ತಿದ್ದವು. ಯಾರೋ ಓಡಿದ ಹೆಜ್ಜೆ ಕೇಳಿದರೆ ಇಬ್ಬರೂ ಏಳುತ್ತಿದ್ದೆವು, ಮತ್ತೆ ಕೂರುತ್ತಿದ್ದೆವು. ಮರುದಿನ ಇನ್ನೊಂದು ಸ್ಕ್ಯಾನ್ ಆಗಿ, ರಕ್ತಸ್ರಾವವಿಲ್ಲ ಎಂದು ಆ ಡಾಕ್ಟರೇ ಹೊರಗೆ ಬಂದು ಹೇಳಿದರು. ಮಾಸ್ಟರ್ ಬದುಕಿದರು. ಮಾತು ಕೆಲವು ದಿನಗಳಲ್ಲಿ ತಿಳಿಯಾಯಿತು, ಬಾಯಿ ನೆಟ್ಟಗಾಯಿತು. ಎಡಗಾಲು ಊರಿ ನಡೆದರು. ಎಡಗೈ ಮಾತ್ರ ಅರ್ಧಕ್ಕೆ ನಿಂತಿತು: ಲೋಟ ಹಿಡಿಯುತ್ತದೆ, ಗುಂಡಿ ಹಾಕಲಾರದು. ಚೆಲ್ಲೋ ಅಂತೂ ಇಲ್ಲ.

ನಾನು ನಿದ್ದೆ ಕಳೆದುಕೊಂಡದ್ದು ಆಮೇಲೆ. ಎಲ್ಲ ಮುಗಿದು, ಅವರು ಮನೆ ಸೇರಿದ ಮೇಲೆ.

ಕಣ್ಣು ಮುಚ್ಚಿದರೆ ಆ ಕೋಣೆ, ಆ ಪ್ಲಾಸ್ಟಿಕ್ ಕುರ್ಚಿ. ಅವರು ನುಡಿಸುತ್ತಾರೆ. ಮೊದಮೊದಲು ಸ್ವರ ಸರಿಯಾಗಿಯೇ ಕೇಳುತ್ತಿತ್ತು. ಕೆಲವು ವಾರ ಕಳೆದ ಮೇಲೆ, ಕೈ ಜಾರಿ ನಿಲ್ಲುವ ಆ ಎತ್ತರದ ಸ್ವರ ಶ್ರುತಿಗಿಂತ ಒಂದು ಎಳೆಯಷ್ಟು ಕೆಳಗೆ ಕೇಳತೊಡಗಿತು. ಒಂದು ಎಳೆ. ದಿನ ಹೋದ ಹಾಗೆ ಇನ್ನೂ ಕೆಳಗೆ. ಎದ್ದು ಕೂರುತ್ತಿದ್ದೆ. ಸ್ವರ ಕೆಳಗಿದ್ದರೆ ಬೆರಳು ಆಗಲೇ ಸೋತಿತ್ತು. ಬೆರಳು ಸೋತಿದ್ದರೆ ನಾನು ಡಾಕ್ಟರಿಗೆ ಹೇಳಿದ್ದು ತಪ್ಪು. ಗೊತ್ತಿಲ್ಲದೆ ಒಬ್ಬ ಮನುಷ್ಯನ ಮಿದುಳನ್ನು ನನ್ನ ಕಿವಿಯ ಮೇಲೆ ಜೂಜಿಗಿಟ್ಟಿದ್ದೆ. ಅವರು ಉಳಿದದ್ದು ಪುಣ್ಯದಿಂದ, ನನ್ನ ಕಿವಿಯಿಂದಲ್ಲ. ಲ್ಯಾಬಿನಲ್ಲಿ ಚರ್ಮದ ಮಾದರಿಗಳಿಗೆ ಎರಡೆರಡು ಸಲ, ಮೂರು ಮೂರು ಸಲ ಪರೀಕ್ಷೆ ಮಾಡತೊಡಗಿದೆ. ಸಂಜೆ ಮನೆಗೆ ಬಂದು ಅದೇ ಜಾಗವನ್ನು ಚೆಲ್ಲೋದಲ್ಲಿ ನುಡಿಸಿ ನುಡಿಸಿ ನೋಡುತ್ತಿದ್ದೆ. ಸರಿಯಾದದ್ದು ಹೇಗೆ ಕೇಳುತ್ತದೆ, ಅವರು ನುಡಿಸಿದ್ದು ಹೇಗೆ ಕೇಳಿತ್ತು, ಎಂದು. ನುಡಿಸಿದಷ್ಟೂ ನೆನಪು ಕದಡುತ್ತಿತ್ತು.

ಮಾಸ್ಟರ್ ಒಂದು ಭಾನುವಾರ ಅಭ್ಯಾಸಕ್ಕೆ ಬಂದರು. ಆಂಟಿಯ ತೋಳು ಹಿಡಿದು ಬಂದು, ಕುರ್ಚಿಯಲ್ಲಿ ಕೂತು, ಬಲಗೈಯಲ್ಲಿ ಕಡ್ಡಿ ಎತ್ತಿದರು. ಎಡಗೈ ಮಡಿಲಲ್ಲಿತ್ತು. ನುಡಿಸತೊಡಗಿದೆವು. ಸ್ವಲ್ಪ ಹೊತ್ತಿಗೆ ಕಡ್ಡಿಯಿಂದ ಸ್ಟ್ಯಾಂಡಿಗೆ ಟಕಟಕ ಹೊಡೆದರು.

"ಏನ್ರೀ ಇದು? ಸತ್ತವರ ಮನೇನಾ? ಯಾಕೆ ಪಿಸುಗುಟ್ತಿದ್ದೀರಿ?"

ಅವರು ನಮ್ಮ ಕಣ್ಣುಗಳನ್ನು ಹಿಂಬಾಲಿಸಿ ತಮ್ಮ ಮಡಿಲಿಗೆ ನೋಡಿದರು. ಎಲ್ಲರೂ ಆ ಕೈಯನ್ನೇ ನೋಡುತ್ತ, ಗೊತ್ತಿಲ್ಲದೆಯೇ ಮೆಲ್ಲಗೆ ನುಡಿಸುತ್ತಿದ್ದೆವು.

"ಓ" ಅಂದರು. ಬಲಗೈಯಿಂದ ಎಡಗೈಯನ್ನು ಎತ್ತಿ, ಜೇಬಿನೊಳಗೆ ತುರುಕಿ, "ಇದಕ್ಕೆ ರಿಟೈರ್‌ಮೆಂಟ್ ಆಯ್ತು. ಇನ್ನು ಇದರ ಮಾತು ಕೇಳಬೇಡಿ. ಜೋರಾಗಿ!" ಎಂದರು. ಪಲ್ಲಾವರಂ ಮೊದಲು ನಕ್ಕರು. ಆಮೇಲೆ ಎಲ್ಲರೂ. ಜೋರಾಗಿ ನುಡಿಸಿದೆವು, ಕೆಟ್ಟದಾಗಿ, ಕಿಟಕಿಯ ಗಾಜು ನಡುಗುವ ಹಾಗೆ. ಟೀ ಬಂದಾಗ, ಬೇರೆಯವರನ್ನು ಹುಡುಕಿಕೊಳ್ಳಿ ಎಂದು ಸರಳವಾಗಿ ಹೇಳಿದರು. "ಬಲಗೈ ಹೊತ್ತು ಹೇಳ್ತದೆ, ಅಷ್ಟೇ. ಸಂಗೀತ ಬೇಕು ಅಂತ ಕೇಳೋದು ಎಡಗೈ. ಅದಿಲ್ಲದವನು ಟ್ರಾಫಿಕ್ ಪೊಲೀಸು."

ನಾನು ಅವರ ಮನೆಗೆ ಹೋದದ್ದು ಅದಾದ ಮೇಲೆ, ಇನ್ನೊಂದು ಭಾನುವಾರ. ಹೇಳಿಬಿಡಬೇಕು, ಇಲ್ಲದಿದ್ದರೆ ಹುಚ್ಚು ಹಿಡಿಯುತ್ತದೆ ಅನ್ನಿಸಿತ್ತು. ಕ್ರೋಂಪೇಟೆಯಿಂದ ಲೋಕಲ್ ಟ್ರೈನ್ ಹತ್ತಿ, ಬೀಚ್ ಸ್ಟೇಶನ್ನಿನಲ್ಲಿ ಇಳಿದು, ಆಟೋ ಹಿಡಿದು ರಾಯಪುರಂಗೆ. ಚೆಲ್ಲೋವನ್ನೂ ಹೊತ್ತುಕೊಂಡು ಹೋಗಿದ್ದೆ, ಯಾಕೆಂದು ನನಗೇ ಸ್ಪಷ್ಟವಿರಲಿಲ್ಲ. ಮಹಡಿಯ ಮೇಲಿನ ಮನೆ, ಒಣಮೀನಿನ ಗಾಳಿ, ಬಂದರಿನ ಕಡೆಯಿಂದ ಲಾರಿಗಳ ಸದ್ದು. ಆಂಟಿ ನನಗಾಗಿ ಬೇರೆ ಪಾತ್ರೆಯಲ್ಲಿ ಟೊಮೆಟೊ ರಸಂ ಮಾಡಿಟ್ಟಿದ್ದರು. ಮೀನಿನ ಸೌಟು ತಾಗಿಸಿಲ್ಲ ಎಂದು ಎರಡು ಸಲ ಹೇಳಿದರು.

ಊಟವಾದ ಮೇಲೆ ಹೇಳಿದೆ. ಡಾಕ್ಟರು ಕೇಳಿದ್ದು, ನಾನು ಖಂಡಿತ ಅಂದದ್ದು, ಈಗ ಆ ಸ್ವರ ನನಗೆ ಕೆಳಗೆ ಕೇಳುತ್ತಿರುವುದು, ಎಲ್ಲ.

ಮಾಸ್ಟರ್ ಬಲಗೈಯಿಂದ ಎಡಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು. "ಆ ಸಂಜೆ ನನಗೆ ನೆನಪೇ ಇಲ್ಲಮ್ಮಾ. ನಿನ್ನ ಚೆಲ್ಲೋ ಮುಟ್ಟಿದ್ದೂ ನೆನಪಿಲ್ಲ."

ಇನ್ನು ಯಾರನ್ನು ಕೇಳುವುದು?

"ಹೇಗೆ ಕೇಳ್ತದೆ ಈಗ? ನುಡಿಸಿ ತೋರಿಸು."

ನುಡಿಸಿದೆ. ಕೈ ಜಾರಿಸಿ, ನೆನಪಿನಲ್ಲಿ ಕೇಳುತ್ತಿದ್ದ ಹಾಗೆಯೇ, ಒಂದೆಳೆ ಕೆಳಗೆ ನಿಲ್ಲಿಸಿದೆ.

"ಇಷ್ಟು ಕೆಳಗಾ?"

"ಹೌದು."

"ಈಗ ಸರಿಯಾಗಿ ನುಡಿಸು."

ಮತ್ತೆ ನುಡಿಸಿದೆ. ಅವರು ಕಣ್ಣು ಮುಚ್ಚಿ ಕೇಳಿ, ಅಡುಗೆಮನೆಯ ಕಡೆ ತಿರುಗಿ ಕೂಗಿದರು. "ಕೇಟ್ಟಿಯಾ? ಎರಡೂ ಒಂದೇ!"

"ನನಗೇನು ಗೊತ್ತಾಗುತ್ತೆ?" ಎಂದು ಆಂಟಿ ಒಳಗಿನಿಂದಲೇ ಅಂದರು.

"ಎರಡೂ ಒಂದೇ ಕಣಮ್ಮಾ ತಿಪಟೂರು! ಎರಡೂ ಕೆಳಗೆ. ನೀನು ಆ ಜಾಗದಲ್ಲಿ ಸದಾ ಕೆಳಗೇ ಬೀಳ್ತೀಯ. ಮನೇಲಿ ಕೂತು ದಿನಾ ಅದನ್ನೇ ನುಡಿಸಿದೀಯಾ?"

"ದಿನಾ."

"ಅದೇ ಮತ್ತೆ. ನಿನ್ನ ಸ್ವರಾನೇ ನಿನ್ನ ತಲೇಲಿ ಕೂತಿದೆ. ನನ್ನ ಕೈಗೆ ತಗಲಿಸ್ತಿದೀಯ." ಅವರ ದನಿಯಲ್ಲಿ ಹಳೆಯ ಸಿಟ್ಟು ಏರಿತು. ನಿಜವಾದ ಸಿಟ್ಟು. "ನಾನು ಶ್ರುತಿ ತಪ್ಪೋದೇ ಇಲ್ಲ ಅಂತ ಹೇಳಲ್ಲ. ತಪ್ಪಿದೀನಿ. ಎಷ್ಟೋ ರೆಕಾರ್ಡಿಂಗು ಕೆಡಿಸಿದೀನಿ. ಆದರೆ ನಾನು ತಪ್ಪಿದ್ರೆ ಮೇಲಕ್ಕೆ ತಪ್ಪೋನು. ಮೈಯಲ್ಲಿ ಹುಷಾರಿಲ್ಲದಾಗ ಇನ್ನೂ ಮೇಲಕ್ಕೆ. ಜ್ವರ ಬಂದ್ರೆ ಛಾವಣಿಗೇ ಹೋಗ್ತಿದ್ದೆ. ಸ್ಟುಡಿಯೋದಲ್ಲಿ ಮ್ಯೂಸಿಕ್ ಡೈರೆಕ್ಟರುಗಳು, 'ಯೋವ್, ಕೊಂಜಂ ಕೀಳೆ ವಾ', ಸ್ವಲ್ಪ ಕೆಳಗೆ ಬಾರಯ್ಯಾ, ಅಂತ ಕೂಗ್ತಿದ್ರು. ನಾನು ಮೇಲಕ್ಕೆ ಹೋಗಿದ್ದೆ ಅಂತ ನೀನು ಹೇಳಿದ್ರೆ ನನಗೂ ಭಯ ಆಗ್ತಿತ್ತು. ಕೆಳಗಂತೆ! ನನ್ನ ಕೈ ಯಾವತ್ತೂ ಕೆಳಗೆ ನಿಂತಿಲ್ಲ."

ಆಂಟಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. "ಅದೊಂದು ನಿಜ ಮಾ. ಸ್ವರ ಗಿರ ನನಗೆ ತಿಳಿಯಲ್ಲ. ಆದರೆ ಆ 'ಕೀಳೆ ವಾ' ಅನ್ನೋ ಬೈಗುಳ ಪ್ರತಿ ಸಾಯಂಕಾಲ ಮನೆಗೆ ಬಂದು ನನಗೆ ಹೇಳಿ ಹೇಳಿ ಅಳ್ತಿದ್ರು."

"ಅಳ್ತಿರಲಿಲ್ಲ."

"ಅಳ್ತಿದ್ರಿ."

ನಾನೂ ಅಳುತ್ತಿದ್ದುದನ್ನು ಅವರಿಬ್ಬರೂ ನೋಡಿಯೂ ನೋಡದ ಹಾಗಿದ್ದರು. ಮಾಸ್ಟರ್ ಬಲಗೈಯಿಂದ ನನ್ನ ಚೆಲ್ಲೋದ ಕುತ್ತಿಗೆಯನ್ನು ತಟ್ಟಿದರು. "ಅಳ್ತಾ ನುಡಿಸಬಹುದು, ಪರವಾಗಿಲ್ಲ. ಆ ಜಾಗ ಮತ್ತೆ ತಗೋ. ಸರಿಯಾಗೋವರೆಗೆ ಇಲ್ಲಿಂದ ಎದ್ದರೆ ಕಾಲು ಮುರೀತೀನಿ."

ನುಡಿಸಿದೆ. "ಕೆಳಗೆ" ಅಂದರು. ನುಡಿಸಿದೆ. "ಕೆಳಗೆ." ಆಂಟಿ ಕಾಫಿ ತಂದಿಟ್ಟರು, ಅದು ಆರಿತು. "ಹುಡುಕಬೇಡ ಅಂದೆ. ಕೆಳಗೆ." ಹೊರಗೆ ಬಿಸಿಲು ಇಳಿಯುತ್ತಿದ್ದಾಗ ಒಂದು ಸಲ ಬೆರಳು ನೆಟ್ಟಗೆ ಹೋಗಿ ಕೂತಿತು. ಅವರು ಏನೂ ಹೇಳಲಿಲ್ಲ. ಏನೂ ಹೇಳದಿರುವುದೇ ಅವರ ಮೆಚ್ಚುಗೆ. ಆಂಟಿ ಮಾತ್ರ ಸೊಪ್ಪು ಬಿಡಿಸುತ್ತಿದ್ದವರು ತಲೆಯೆತ್ತಿ, "ಈಗ ಏನೋ ಬೇರೆ ಥರ ಕೇಳಿಸ್ತಲ್ಲ?" ಎಂದರು.

ಸಂಜೆಯ ಟ್ರೈನಿನಲ್ಲಿ ನಿಂತುಕೊಂಡೇ ತೂಕಡಿಸಿದೆ. ಮನೆಗೆ ಬಂದು ಚೆಲ್ಲೋ ಮೂಲೆಗೆ ಒರಗಿಸಿ, ಒಂದು ನಿಮಿಷ ಅಂದುಕೊಂಡು ಚಾಪೆಯ ಮೇಲೆ ಕಾಲು ಚಾಚಿದೆ. ಲೈಟು ಆರಿಸಲಿಲ್ಲ, ಊಟ ಮಾಡಲಿಲ್ಲ. ಕಣ್ಣು ಬಿಟ್ಟಾಗ ಸೋಮವಾರದ ಬಿಸಿಲು ಮುಖದ ಮೇಲೆ ಬಿದ್ದಿತ್ತು, ಕೆನ್ನೆಯ ಮೇಲೆ ಚಾಪೆಯ ಗೆರೆಗಳು ಮೂಡಿದ್ದವು, ಲ್ಯಾಬ್ ತೆರೆಯುವ ಹೊತ್ತು ಎಂದೋ ದಾಟಿಹೋಗಿತ್ತು.